ಡಬ್ಬದ ಮೇಲಿನ 24 ಗ್ರಾಂ

ವೇ ಪ್ರೋಟೀನ್, ಎಂದರೆ ಹಾಲೊಡಕಿನ ಪ್ರೋಟೀನ್ ಪುಡಿಯ ಡಬ್ಬ ಯಾವ ಕಂಪನಿಯದ್ದೇ ಇರಲಿ, ಮುಂಭಾಗದಲ್ಲಿ ಎದ್ದು ಕಾಣುವುದು ಒಂದೇ ಅಂಕಿ: ಸ್ಕೂಪಿಗೆ 24 ಗ್ರಾಂ ಪ್ರೋಟೀನ್, ಇಲ್ಲವೇ 25, ಇಲ್ಲವೇ 27. ಕೊಳ್ಳುವವರು ದುಡ್ಡು ಎಣಿಸುವುದು ಆ ಅಂಕಿಯನ್ನು ನಂಬಿಯೇ. ಆದರೆ ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಪ್ರೋಟೀನನ್ನು ನೇರವಾಗಿ ಅಳೆಯುವ ಗೋಜಿಗೆ ಯಾರೂ ಹೋಗುವುದಿಲ್ಲ. ಅಳೆಯುವುದು ಸಾರಜನಕವನ್ನು. ಅದನ್ನು ಒಂದು ಸಂಖ್ಯೆಯಿಂದ ಗುಣಿಸಿದರೆ ಬಂದದ್ದೇ 'ಪ್ರೋಟೀನ್'. ಒಳ್ಳೆಯ ಪುಡಿ ಯಾವುದು, ಮೋಸದ್ದು ಯಾವುದು ಎಂಬ ಗೊಂದಲದ ಬೇರು ಈ ಗುಣಾಕಾರದಲ್ಲೇ ಇದೆ.

ಈ ಲೆಕ್ಕ ಕಲಿಸಿಕೊಟ್ಟವನು ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಅವನಿಗೆ ಬಿಯರಿಗೆ ಬಳಸುವ ಧಾನ್ಯದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ತಿಳಿಯಬೇಕಿತ್ತು. 1883ರಲ್ಲಿ ಅವನು ಪ್ರಕಟಿಸಿದ ವಿಧಾನ ಹೀಗಿದೆ: ಮಾದರಿಯನ್ನು ಗಾಢ ಸಲ್ಫ್ಯೂರಿಕ್ ಆಮ್ಲದಲ್ಲಿ ಕುದಿಸಿದರೆ ಅದರಲ್ಲಿನ ಸಾರಜನಕವೆಲ್ಲ ಅಮೋನಿಯಂ ಲವಣವಾಗುತ್ತದೆ, ಆಮೇಲೆ ಕ್ಷಾರ ಬೆರೆಸಿ ಅಮೋನಿಯಾವನ್ನು ಬಟ್ಟಿ ಇಳಿಸಿ ಅಳೆಯುವುದು. ಪ್ರೋಟೀನಿನ ತೂಕದಲ್ಲಿ ಸುಮಾರು ಶೇಕಡ 16ರಷ್ಟು ಸಾರಜನಕ ಇರುವುದರಿಂದ ಬಂದ ಉತ್ತರವನ್ನು 6.25ರಿಂದ ಗುಣಿಸುತ್ತಾರೆ, ಹಾಲಿನ ಪದಾರ್ಥಗಳಿಗೆ 6.38ರಿಂದ. ಅಗ್ಗದ, ಗಟ್ಟಿಮುಟ್ಟಾದ ವಿಧಾನ. ನೂರನಲವತ್ತು ವರ್ಷ ಕಳೆದರೂ ಇಂದಿಗೂ ಬಳಕೆಯಲ್ಲಿದೆ.

ತೊಂದರೆ ಇರುವುದು ಒಂದೇ. ದೇವಸ್ಥಾನದ ಹೊರಗಿನ ಚಪ್ಪಲಿ ಎಣಿಸಿ ಒಳಗೆ ಎಷ್ಟು ಜನ ಭಕ್ತರಿದ್ದಾರೆ ಎಂದು ಹೇಳುವಂಥ ಲೆಕ್ಕ ಇದು. ಯಾರಾದರೂ ಒಂದು ಮೂಟೆ ಹಳೇ ಚಪ್ಪಲಿ ತಂದು ಸುರಿದರೆ ಭಕ್ತರ ಸಂಖ್ಯೆ ಏರಿಬಿಡುತ್ತದೆ. 2008ರಲ್ಲಿ ಚೀನಾದಲ್ಲಿ ನಡೆದದ್ದು ಅದೇ. ನೀರು ಬೆರೆಸಿದ ಹಾಲಿನ ಪ್ರೋಟೀನ್ ಅಂಕಿ ಏರಿಸಲು ಪ್ಲಾಸ್ಟಿಕ್ ಉದ್ಯಮದ ಮೆಲಮಿನ್ ಎಂಬ ರಾಸಾಯನಿಕವನ್ನು ಬೆರೆಸಿದರು. ಅದರ ತೂಕದ ಮೂರನೇ ಎರಡು ಭಾಗ ಸಾರಜನಕವೇ. ಸುಮಾರು ಮೂರು ಲಕ್ಷ ಮಕ್ಕಳು ಮೂತ್ರಪಿಂಡದ ಕಲ್ಲು ಮತ್ತಿತರ ತೊಂದರೆಗೆ ಸಿಕ್ಕರು, ಆರು ಹಸುಗೂಸುಗಳು ಸತ್ತವೆಂದು ಅಲ್ಲಿನ ಸರ್ಕಾರವೇ ಹೇಳಿತು.

ವೇ ಪುಡಿಯ ದಂಧೆಯಲ್ಲಿ ಇಷ್ಟು ಕ್ರೂರವಾದದ್ದು ಬೇಕಾಗಿಲ್ಲ. ಸಾರಜನಕ ಇರುವ, ತಿಂದರೆ ಹಾನಿಯಿಲ್ಲದ, ವೇ ಪುಡಿಗಿಂತ ಅಗ್ಗವಾದ ಗ್ಲೈಸಿನ್, ಟಾರಿನ್, ಕ್ರಿಯಾಟಿನ್‌ಗಳು ಸಾಕು. ಜಿಮ್ ಮಂದಿ ಇದನ್ನು 'ಅಮೈನೊ ಸ್ಪೈಕಿಂಗ್' ಎನ್ನುತ್ತಾರೆ. ಕ್ರಿಯಾಟಿನ್‌ನಲ್ಲಿ ಶೇಕಡ 32ರಷ್ಟು ಸಾರಜನಕ ಇದೆ, ಎಂದರೆ ಪ್ರೋಟೀನಿನ ಎರಡು ಪಟ್ಟು. ಸ್ಕೂಪಿನಲ್ಲಿ 18 ಗ್ರಾಂ ನಿಜವಾದ ಪ್ರೋಟೀನ್ ಇಟ್ಟು 3 ಗ್ರಾಂ ಕ್ರಿಯಾಟಿನ್ ಸೇರಿಸಿದರೆ ಕೆಲ್ಡಾಲ್ ಲೆಕ್ಕದಲ್ಲಿ ಅದು 24 ಗ್ರಾಂ! ಪರೀಕ್ಷೆ ಮಾಡಿದ ಲ್ಯಾಬ್ ಸುಳ್ಳು ಹೇಳಿರುವುದಿಲ್ಲ, ವರದಿಯ ಕಾಗದವೂ ಅಸಲಿಯೇ. ಸ್ನಾಯುವಿಗೆ ಮಾತ್ರ ಆರು ಗ್ರಾಂ ಕಡಿಮೆ ಸಿಕ್ಕಿರುತ್ತದೆ. 2024ರಲ್ಲಿ ಕೇರಳದ ವೈದ್ಯರೊಬ್ಬರ ನೇತೃತ್ವದ ತಂಡ ನಮ್ಮ ಮಾರುಕಟ್ಟೆಯ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ ಪ್ರಕಟಿಸಿದ ವರದಿಯಲ್ಲಿ ಸುಮಾರು ಶೇಕಡ 70ರಷ್ಟು ಡಬ್ಬಗಳ ಪ್ರೋಟೀನ್ ಅಂಕಿ ಒಳಗಿನ ಮಾಲಿಗೆ ತಾಳೆಯಾಗಲಿಲ್ಲ. ಆ ಪಟ್ಟಿಯಲ್ಲಿ ವೇ ಅಷ್ಟೇ ಅಲ್ಲ, ಸಸ್ಯಮೂಲದ ಪುಡಿಗಳೂ ಇದ್ದವು ಎಂಬುದನ್ನು ಮರೆಯಬಾರದು. ಆದರೂ ಇದು ಸಣ್ಣ ಅಂಕಿಯೇನಲ್ಲ.

ಹಾಗಾದರೆ ಅಸಲಿ ವೇ ಎಂದರೆ ಏನು? ಹಸುವಿನ ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇಕಡ 80 ಕೇಸಿನ್, ಉಳಿದ 20 ಹಾಲೊಡಕಿನ ಪ್ರೋಟೀನುಗಳು. ಚೀಸ್ ಮಾಡುವಾಗ ರೆನೆಟ್ ಎಂಬ ಕಿಣ್ವ ಹಾಕಿದರೆ ಕೇಸಿನ್ ಹೆಪ್ಪುಗಟ್ಟುತ್ತದೆ, ತಿಳಿಹಸಿರು ಬಣ್ಣದ ನೀರು ಬೇರೆಯಾಗುತ್ತದೆ. ಆ ನೀರಿನಲ್ಲಿ ಉಳಿದದ್ದೇ ವೇ ಪ್ರೋಟೀನ್. ಅದರಲ್ಲಿ ಅರ್ಧದಷ್ಟು ಬೀಟಾ ಲ್ಯಾಕ್ಟೊಗ್ಲಾಬ್ಯುಲಿನ್. ಅಮ್ಮನ ಎದೆಹಾಲಿನಲ್ಲಿ ಈ ಪ್ರೋಟೀನ್ ಇರುವುದೇ ಇಲ್ಲ. ಹಸುವಿನ ಹಾಲಿಗೆ ಅಲರ್ಜಿ ಇರುವ ಮಕ್ಕಳಲ್ಲಿ ಇದೂ ಒಂದು ಮುಖ್ಯ ಕಾರಣ. ನೂರು ಲೀಟರ್ ಹಾಲಿನಿಂದ ಹತ್ತು ಕಿಲೋ ಚೀಸ್ ಬಂದರೆ ತೊಂಬತ್ತು ಲೀಟರ್ ಹಾಲೊಡಕು ಉಳಿಯುತ್ತದೆ. ಅದರಲ್ಲಿ ಪ್ರೋಟೀನ್ ಇರುವುದು ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ. ಆದ್ದರಿಂದಲೇ ಬಹುಕಾಲ ಯೂರೋಪು, ಅಮೆರಿಕಗಳಲ್ಲಿ ಇದನ್ನು ಹಂದಿಗೆ ಹಾಕುತ್ತಿದ್ದರು, ಹೊಲಕ್ಕೆ ಬಿಡುತ್ತಿದ್ದರು, ಹೊಳೆಗೂ ಸುರಿಯುತ್ತಿದ್ದರು. ಹೊಳೆಗೆ ಸುರಿದರೆ ನೀರಿನ ಆಮ್ಲಜನಕವೆಲ್ಲ ಖಾಲಿಯಾಗಿ ಮೀನು ಸಾಯುತ್ತಿದ್ದವು. ಕಾನೂನು ಬಿಗಿಯಾದಂತೆ, 1970ರ ದಶಕದಲ್ಲಿ ಅತಿಸೂಕ್ಷ್ಮ ರಂಧ್ರಗಳ ಸೋಸುಪೊರೆಗಳು ಕೈಗೆಟುಕಿದಂತೆ, ಕಾರ್ಖಾನೆಯ ತ್ಯಾಜ್ಯ ಕಿಲೋಗೆ ಸಾವಿರಾರು ರೂಪಾಯಿಯ ಪುಡಿಯಾಯಿತು.

ಇಲ್ಲಿ ಒಂದು ಸಾಮಾನ್ಯ ತಪ್ಪು ತಿಳಿವಳಿಕೆ ಇದೆ. ಮನೆಯಲ್ಲಿ ಪನೀರ್ ಮಾಡಿ ಉಳಿದ ನೀರೂ ವೇ ಪ್ರೋಟೀನ್ ತಾನೆ, ಅದನ್ನೇ ಕುಡಿದರಾಯಿತು ಎಂದು ಹಲವರು ಹೇಳುತ್ತಾರೆ. ಆ ನೀರು ಒಳ್ಳೆಯದೇ, ಚಪಾತಿ ಹಿಟ್ಟು ಕಲಸಲು ಅದಕ್ಕಿಂತ ಬೇರೆ ಬೇಡ. ಆದರೆ ಪನೀರಿಗೆ ಹಾಲನ್ನು ಕುದಿಸಿ ನಿಂಬೆ ಹಿಂಡುತ್ತೇವೆ. ಆ ಬಿಸಿಗೆ ಹಾಲೊಡಕಿನ ಪ್ರೋಟೀನುಗಳು ಬಿಚ್ಚಿಕೊಂಡು ಕೇಸಿನ್‌ಗೆ ಅಂಟಿ ಪನೀರಿನೊಳಗೇ ಉಳಿದುಬಿಡುತ್ತವೆ. ನೀರಿನಲ್ಲಿ ಮಿಕ್ಕುವುದು ಹೆಚ್ಚಾಗಿ ಲ್ಯಾಕ್ಟೋಸ್ ಸಕ್ಕರೆ ಮತ್ತು ಲವಣಗಳು. ಪ್ರೋಟೀನ್ ಬೇಕಿದ್ದರೆ ಪನೀರ್ ತಿನ್ನಬೇಕು.

ಸೋಸುವುದು ಎಷ್ಟರ ಮಟ್ಟಿಗೆ ನಡೆಯಿತು ಎಂಬುದರ ಮೇಲೆ ಪುಡಿಯ ಜಾತಿ ನಿರ್ಧಾರವಾಗುತ್ತದೆ. ಕಾನ್ಸಂಟ್ರೇಟ್‌ನಲ್ಲಿ ಶೇಕಡ 34ರಿಂದ 80ರವರೆಗೂ ಪ್ರೋಟೀನ್ ಇರಬಹುದು, ಆದ್ದರಿಂದ ಬರೀ 'ವೇ ಕಾನ್ಸಂಟ್ರೇಟ್' ಎಂದು ಬರೆದಿದ್ದರೆ ಏನೂ ಹೇಳಿದಂತಾಗಲಿಲ್ಲ. 80 ಎಂಬ ಸಂಖ್ಯೆ ಜೊತೆಗಿರಬೇಕು. ಇನ್ನಷ್ಟು ಸೋಸಿ ಶೇಕಡ 90 ದಾಟಿದರೆ ಅದು ಐಸೊಲೇಟ್. ಅದರಲ್ಲಿ ಲ್ಯಾಕ್ಟೋಸ್ ನೂರಕ್ಕೆ ಒಂದರ ಸುತ್ತಮುತ್ತ ಮಾತ್ರ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಹೆಚ್ಚು ದುಡ್ಡು ಕೊಡಲು ಇದೊಂದು ನಿಜವಾದ ಕಾರಣ. ಉಳಿದವರಿಗೆ ಕಾನ್ಸಂಟ್ರೇಟ್ ಧಾರಾಳವಾಗಿ ಸಾಕು. ಇನ್ನು ಹೈಡ್ರೊಲೈಸೇಟ್, ಕಿಣ್ವದಿಂದ ಮೊದಲೇ ತುಂಡರಿಸಿದ್ದು, ಕಹಿ ಮತ್ತು ದುಬಾರಿ. ಆರೋಗ್ಯವಂತ ಹೊಟ್ಟೆ ಈ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಅಂಗಡಿಯಲ್ಲಿ ನಿಂತು ಮಾಡಬೇಕಾದ ಮೊದಲ ಕೆಲಸ ಭಾಗಾಕಾರ. ಡಬ್ಬವನ್ನು ತಿರುಗಿಸಿ, ಹಿಂಭಾಗದ ಸಣ್ಣಕ್ಷರ ನೋಡಿ. 33 ಗ್ರಾಂ ಸ್ಕೂಪಿನಲ್ಲಿ 24 ಗ್ರಾಂ ಪ್ರೋಟೀನ್ ಎಂದರೆ ಶೇಕಡ 73. ಕೋಕೋ, ಸುವಾಸನೆ ಸೇರಿಸಿದ ಕಾನ್ಸಂಟ್ರೇಟಿಗೆ ಇದು ಒಪ್ಪುವ ಅಂಕಿ. ಅದೇ 24 ಗ್ರಾಂ ಕೊಡಲು 46 ಗ್ರಾಂ ಸ್ಕೂಪ್ ಬೇಕಾದರೆ ಅರ್ಧ ಡಬ್ಬ ಬೇರೇನೋ ಇದೆ ಎಂದಾಯಿತು, ಸಾಮಾನ್ಯವಾಗಿ ಪಿಷ್ಟವನ್ನು ತುಂಡರಿಸಿ ಮಾಡಿದ ಮಾಲ್ಟೊಡೆಕ್ಸ್‌ಟ್ರಿನ್ ಅಥವಾ ಸಕ್ಕರೆ. ಮುಂಭಾಗದಲ್ಲಿ ಎರಡೂ ಡಬ್ಬ ಒಂದೇ ಮಾತು ಹೇಳುತ್ತವೆ. ಜೊತೆಗೆ ಸ್ಕೂಪಿನ ಅಳತೆ ಹಾಲಿನೊಂದಿಗೋ ನೀರಿನೊಂದಿಗೋ ನೋಡಿಕೊಳ್ಳಿ. 250 ಮಿಲಿಲೀಟರ್ ಹಾಲಿನ ಎಂಟು ಗ್ರಾಂ ಪ್ರೋಟೀನನ್ನೂ ತಮ್ಮ ಖಾತೆಗೆ ಬರೆದುಕೊಳ್ಳುವ ಜಾಣರಿದ್ದಾರೆ.

ಎರಡನೆಯದು ಪದಾರ್ಥಗಳ ಪಟ್ಟಿ. ಹೆಚ್ಚಿನದು ಮೊದಲು, ಕಡಿಮೆಯದು ಕೊನೆಗೆ ಎಂಬ ಕ್ರಮದಲ್ಲೇ ಬರೆಯಬೇಕೆಂಬುದು ನಿಯಮ. ಮೊದಲ ಹೆಸರು ವೇ ಆಗಿರಬೇಕು. ನಡುವೆ ಎಲ್ಲಾದರೂ ಗ್ಲೈಸಿನ್, ಟಾರಿನ್, ಕ್ರಿಯಾಟಿನ್ ಕಂಡರೆ, ಅವು ಪ್ರೋಟೀನ್ ಲೆಕ್ಕದಿಂದ ಹೊರಗಿವೆ ಎಂದು ಕಂಪನಿ ಸ್ಪಷ್ಟವಾಗಿ ಹೇಳಿರದಿದ್ದರೆ, ಡಬ್ಬವನ್ನು ಕಪಾಟಿನಲ್ಲೇ ಇಟ್ಟುಬಿಡಿ. 'ಪ್ರೊಪ್ರೈಟರಿ ಬ್ಲೆಂಡ್' ಎಂದು ಬರೆದು ಯಾವುದು ಎಷ್ಟು ಎಂದು ಹೇಳದ ಡಬ್ಬಗಳಿಗೂ ಅದೇ ಗತಿ.

ಮೂರನೆಯದು ಪ್ರೋಟೀನಿನ ಇಟ್ಟಿಗೆಗಳಾದ ಅಮೈನೊ ಆಮ್ಲಗಳ ಪಟ್ಟಿ, ಅದರಲ್ಲೂ ಲ್ಯೂಸಿನ್. ವ್ಯಾಯಾಮದ ನಂತರ ಹೊಸ ಸ್ನಾಯು ಪ್ರೋಟೀನ್ ಕಟ್ಟುವ ಕೆಲಸಕ್ಕೆ ಜೀವಕೋಶದೊಳಗೆ ಚಾಲನೆ ಕೊಡುವುದರಲ್ಲಿ ಮುಖ್ಯವಾದದ್ದು ಈ ಅಮೈನೊ ಆಮ್ಲ. ವೇ ಬಗ್ಗೆ ಇಷ್ಟೊಂದು ಗೌರವ ಇರುವುದಕ್ಕೂ ಅದರಲ್ಲಿರುವ ಲ್ಯೂಸಿನ್ ಪ್ರಮಾಣವೇ ಕಾರಣ. ಪ್ರೋಟೀನಿನ ಸುಮಾರು ಹತ್ತನೇ ಒಂದು ಪಾಲು. ಹಾಗಾಗಿ 24 ಗ್ರಾಂ ಪ್ರೋಟೀನಿಗೆ 2.5 ಗ್ರಾಂ ಆಸುಪಾಸಿನಲ್ಲಿ ಲ್ಯೂಸಿನ್ ಇರಬೇಕು. ಗ್ಲೈಸಿನ್ ಮಾತ್ರ ವೇಯಲ್ಲಿ ಬಹಳ ಕಡಿಮೆ, ಅರ್ಧ ಗ್ರಾಂ ಸುತ್ತಮುತ್ತ. ಲ್ಯೂಸಿನ್ 1.8, ಗ್ಲೈಸಿನ್ 3 ಎಂದಿದ್ದರೆ ಚಪ್ಪಲಿ ಸುರಿದಿದ್ದಾರೆ ಎಂದು ತಿಳಿಯಿರಿ. ಈ ಪಟ್ಟಿಯನ್ನೇ ಕೊಡದ ಕಂಪನಿಗಳೂ ಇವೆ. ಕೊಡುವವರ ಡಬ್ಬ ಕೊಳ್ಳುವುದು ಲೇಸು.

ಎಫ್‌ಎಸ್‌ಎಸ್‌ಎಐನ (ಆಹಾರ ಸುರಕ್ಷತಾ ಪ್ರಾಧಿಕಾರದ) 14 ಅಂಕಿಯ ಲೈಸೆನ್ಸ್ ಸಂಖ್ಯೆ ಇರಲೇಬೇಕು, ವಿದೇಶಿ ಮಾಲಾದರೆ ಆಮದುದಾರರ ಹೆಸರು ವಿಳಾಸದ ಸ್ಟಿಕ್ಕರ್ ಕೂಡ. ಆದರೆ ಆ ಸಂಖ್ಯೆ ವ್ಯಾಪಾರಕ್ಕೆ ಕೊಟ್ಟ ಅನುಮತಿ. ನಿಮ್ಮ ಕೈಯಲ್ಲಿರುವ ಡಬ್ಬವನ್ನು ಯಾರೋ ಪರೀಕ್ಷಿಸಿ ಮುದ್ರೆ ಒತ್ತಿದ್ದಾರೆ ಎಂದು ಅದರ ಅರ್ಥವಲ್ಲ. ಪರೀಕ್ಷೆಯ ಭರವಸೆ ಬೇಕಿದ್ದರೆ ಹೊರಗಿನ ಸಂಸ್ಥೆಗಳ ಗುರುತು ನೋಡಬೇಕು: ಎನ್‌ಎಸ್‌ಎಫ್ ಸರ್ಟಿಫೈಡ್ ಫಾರ್ ಸ್ಪೋರ್ಟ್, ಇನ್‌ಫಾರ್ಮ್ಡ್ ಸ್ಪೋರ್ಟ್ ಇಂಥವು. ಸ್ಪರ್ಧೆಗೆ ಇಳಿಯುವ ಕ್ರೀಡಾಪಟುಗಳಿಗಂತೂ ಇದು ಅನಿವಾರ್ಯ. 2000-01ರಲ್ಲಿ ಜರ್ಮನಿಯ ಕಲೋನ್ ಪ್ರಯೋಗಾಲಯ 13 ದೇಶಗಳಿಂದ ತರಿಸಿದ 634 ಪೂರಕಗಳಲ್ಲಿ 94ರಲ್ಲಿ ಲೇಬಲ್ ಮೇಲೆ ಹೇಳದ, ಸ್ಟಿರಾಯ್ಡ್ ಕುಲದ ಹಾರ್ಮೋನ್ ಪೂರ್ವವಸ್ತುಗಳು ಸಿಕ್ಕಿದ್ದವು. ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಮೇಲೆ ಪುಡಿಯತ್ತ ಬೆರಳು ತೋರಿಸಿದರೆ ಶಿಕ್ಷೆ ತಪ್ಪುವುದಿಲ್ಲ.

ಯೂಟ್ಯೂಬಿನ ಮನೆಪರೀಕ್ಷೆಗಳ ಬಗ್ಗೆ ಒಂದು ಮಾತು. ಅಯೋಡಿನ್ ಹನಿಸಿ ನೀಲಿಯಾದರೆ ಪಿಷ್ಟ ಇದೆ, ಅಷ್ಟು ನಿಜ. ನೀಲಿಯಾಗದಿದ್ದರೆ ಶುದ್ಧ ಎನ್ನಲು ಬರುವುದಿಲ್ಲ, ಚೆನ್ನಾಗಿ ತುಂಡರಿಸಿದ ಮಾಲ್ಟೊಡೆಕ್ಸ್‌ಟ್ರಿನ್ ಆ ಬಣ್ಣ ಕೊಡುವುದಿಲ್ಲ, ಗ್ಲೈಸಿನ್ ಕೊಡುವ ಪ್ರಶ್ನೆಯೇ ಇಲ್ಲ. ಬಿಸಿ ಹಾಲಿಗೆ ಹಾಕಿದಾಗ ಗಂಟುಗಟ್ಟಿತು, ಡೂಪ್ಲಿಕೇಟ್ ಮಾಲು ಎಂದು ಅಂಗಡಿಯವನೊಡನೆ ಜಗಳಕ್ಕೆ ಹೋಗುವವರಿದ್ದಾರೆ. 70 ಡಿಗ್ರಿ ದಾಟಿದರೆ ವೇ ಪ್ರೋಟೀನ್ ಬಿಚ್ಚಿಕೊಂಡು ಗಂಟಾಗುವುದು ಅದರ ಸ್ವಭಾವ, ಮೊಟ್ಟೆ ಬೆಂದು ಗಟ್ಟಿಯಾಗುವುದೂ ಇದೇ ಕಾರಣಕ್ಕೆ, ಪೋಷಕಾಂಶವೇನೂ ಹೋಗುವುದಿಲ್ಲ. ತಣ್ಣೀರಿನಲ್ಲಿ ಥಟ್ಟನೆ ಕರಗಿದರೆ ಉತ್ತಮ ಎನ್ನುವುದೂ ಅಷ್ಟೇ. ಅದು ಪುಡಿ ಬೇಗ ಕರಗಲೆಂದು ಬೆರೆಸಿದ ಲೆಸಿಥಿನ್‌ನ ಗುಣ.

ಇಷ್ಟೆಲ್ಲ ಹೇಳಿದ ಮೇಲೆ ಬೇಕೋ ಬೇಡವೋ ಎಂಬ ಪ್ರಶ್ನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪ್ರಕಾರ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ದೇಹತೂಕದ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಕದವರಿಗೆ 50 ಗ್ರಾಂ. 2024ರ ಮಾರ್ಗಸೂಚಿಯಲ್ಲಿ ಅದೇ ಸಂಸ್ಥೆ ಮೈಕಟ್ಟು ಬೆಳೆಸಲೆಂದು ಪ್ರೋಟೀನ್ ಪುಡಿ ಸೇವಿಸುವುದು ಬೇಡ ಎಂದೇ ಹೇಳಿದೆ. ಭಾರ ಎತ್ತುವವರ ಲೆಕ್ಕ ಸ್ವಲ್ಪ ಬೇರೆ: 2018ರಲ್ಲಿ 49 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಿಲೋಗೆ 1.6 ಗ್ರಾಂ ತನಕ ಪ್ರಯೋಜನ ಕಂಡಿತು, ಅದರಾಚೆ ಹೆಚ್ಚೇನೂ ಸಿಗಲಿಲ್ಲ. 70 ಕಿಲೋ ಹುಡುಗನಿಗೆ ಅದು 112 ಗ್ರಾಂ. ಅನ್ನ, ಸಾರು, ಮೊಸರಿನ ಊಟದಲ್ಲಿ ಇದು ತುಂಬುವುದು ಕಷ್ಟ, ಅಲ್ಲಿ ಒಂದು ಸ್ಕೂಪ್ ಉಪಯೋಗಕ್ಕೆ ಬರುತ್ತದೆ. ಜಿಮ್ಮಿಗೆ ವಾರಕ್ಕೆರಡು ಸಲ ಹೋಗಿ ಬರುವವರಿಗೆ ಒಂದು ಹಿಡಿ ಹುರಿಗಡಲೆ, ಎರಡು ಮೊಟ್ಟೆ, ಹುರುಳಿ ಬಸ್ಸಾರು ಸಾಕು. ನಮ್ಮ ಕೆಎಂಎಫ್ 2024ರ ಡಿಸೆಂಬರಿನಲ್ಲಿ ವೇ ಪ್ರೋಟೀನ್ ಬೆರೆಸಿದ ನಂದಿನಿ ಇಡ್ಲಿ ದೋಸೆ ಹಿಟ್ಟನ್ನು ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದೆ. ಡಬ್ಬದ ಗೊಡವೆ ಬೇಡ ಎನ್ನುವವರಿಗೆ ಅದೂ ಒಂದು ದಾರಿ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಯಾವ ಪುಡಿಯನ್ನೂ ಮುಟ್ಟಬಾರದು.

ಬೆಲೆಯನ್ನೂ ಡಬ್ಬಕ್ಕೆ ಎಷ್ಟು ಎಂದು ನೋಡದೆ ಪ್ರೋಟೀನಿನ ಗ್ರಾಮಿಗೆ ಎಷ್ಟು ಎಂದು ನೋಡಿ. ಮೂರು ಸಾವಿರಕ್ಕೆ ಒಂದು ಕಿಲೋ, ಅದರಲ್ಲಿ 730 ಗ್ರಾಂ ಪ್ರೋಟೀನ್ ಎಂದಾದರೆ ಗ್ರಾಮಿಗೆ ನಾಲ್ಕು ರೂಪಾಯಿ ಮೇಲೆ. ಆರು ಗ್ರಾಂ ಪ್ರೋಟೀನಿನ ಮೊಟ್ಟೆ ಏಳೆಂಟು ರೂಪಾಯಿ. ಯಾವುದೇ ಕಿಲೋ ಡಬ್ಬ ಆ ಮೂರು ಸಾವಿರದ ಅರ್ಧ ಬೆಲೆಗೆ ಸಿಗುತ್ತಿದೆ ಎಂದರೆ ಮೊದಲು ಅನುಮಾನ ಪಡಿ: ಒಂದು ಕಿಲೋ ಪುಡಿಗೆ ನೂರು ಲೀಟರಿಗೂ ಹೆಚ್ಚು ಹಾಲೊಡಕು ಬೇಕು, ಆ ಖರ್ಚನ್ನು ಯಾವ ಆಫರ್ ಕೂಡ ಕರಗಿಸಲಾರದು. ಕೊಂಡ ಮೇಲೆ ಡಬ್ಬವನ್ನು ಒಲೆಯ ಪಕ್ಕ, ಬಿಸಿಲು ಬೀಳುವ ಕಿಟಕಿಯ ಬಳಿ ಇಡಬೇಡಿ. ಶಾಖ, ತೇವ ಸೇರಿದರೆ ಪ್ರೋಟೀನಿನ ಲೈಸಿನ್ ಎಂಬ ಅಮೈನೊ ಆಮ್ಲ ಲ್ಯಾಕ್ಟೋಸ್ ಜೊತೆ ಕೂಡಿಕೊಂಡು ದೇಹಕ್ಕೆ ದಕ್ಕದಂತಾಗುತ್ತದೆ, ಪುಡಿ ನಿಧಾನಕ್ಕೆ ಹಳದಿಗೆ ತಿರುಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಎರಡು ಕಿಲೋ ಡಬ್ಬಕ್ಕಿಂತ ಅರ್ಧ ಕಿಲೋದ್ದು ವಾಸಿ, ಒದ್ದೆ ಸ್ಕೂಪನ್ನು ಒಳಗೆ ಹಾಕದಿದ್ದರೆ ಇನ್ನೂ ವಾಸಿ.