ಗೋಡೆಯ ಬುಡದಲ್ಲಿ ಬಣ್ಣ ಏಳುತ್ತಿದೆ: ಡ್ಯಾಂಪ್ ತಡೆಯುವ ಪೇಂಟ್ ಹೊಡೆಸಬೇಕೆ?

ಪ್ರಶ್ನೆ: ನಮ್ಮದು ಉಡುಪಿ ಜಿಲ್ಲೆಯಲ್ಲಿ ಕೆಂಪುಕಲ್ಲಿನ ಹಳೆಯ ಮನೆ. ಕಳೆದ ದೀಪಾವಳಿಗೆ ಮುಂಚೆ ಒಳಗಿನ ಗೋಡೆಗಳಿಗೆ ಪುಟ್ಟಿ ಹಾಕಿಸಿ ಒಳ್ಳೆಯ ಎಮಲ್ಷನ್ ಹೊಡೆಸಿದೆವು. ಈ ಮಳೆಗಾಲದಲ್ಲಿ ಕೋಣೆಯ ಗೋಡೆಯ ಬುಡದಲ್ಲಿ ಬಣ್ಣ ಹಪ್ಪಳದಂತೆ ಉಬ್ಬಿದೆ, ಮುಟ್ಟಿದರೆ ಬಿಳಿ ಪುಡಿ ಉದುರುತ್ತದೆ. ಡ್ಯಾಂಪ್ ತಡೆಯುವ ಪೇಂಟ್ ಬೇರೆಯೇ ಇದೆ, ಅದನ್ನು ಹೊಡೆದರೆ ಸರಿಹೋಗುತ್ತದೆ ಎನ್ನುತ್ತಾರೆ ಪೇಂಟರ್. ಹೊಡೆಸಬಹುದೆ?

ಉತ್ತರ: ಈಗ ಬೇಡ. ಗೋಡೆಯೊಳಗೆ ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯುವವರೆಗೆ ಯಾವ ಪೇಂಟಿಗೂ ಹಣ ಕೊಡಬೇಡಿ. ಕರಾವಳಿ ಮತ್ತು ಮಲೆನಾಡಿನಲ್ಲಿ ಹೀಗೆ ಎದ್ದುಬರುವ ಬಣ್ಣದಲ್ಲಿ ಹೆಚ್ಚಿನದು ಕಳಪೆ ಬಣ್ಣವಲ್ಲ. ಒದ್ದೆ ಗೋಡೆಯ ಮೇಲೆ ಹೊಡೆದ ಒಳ್ಳೆಯ ಬಣ್ಣ.

ನೀವು ಹೇಳುವ ಬಿಳಿ ಪುಡಿಯೇ ಇದಕ್ಕೆ ಸಾಕ್ಷಿ. ಕೆಂಪುಕಲ್ಲು ರಂಧ್ರಗಳಿರುವ ಕಲ್ಲು, ನೆಲದ ತೇವವನ್ನು ಮೇಲಕ್ಕೆ ಹೀರಿಕೊಳ್ಳುತ್ತದೆ. ಆ ನೀರು ಮಣ್ಣು, ಕಲ್ಲು, ಸಿಮೆಂಟಿನಲ್ಲಿರುವ ಉಪ್ಪನ್ನು ಕರಗಿಸಿಕೊಂಡು ಗೋಡೆಯ ಮೇಲ್ಮೈಗೆ ಬರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಅಲ್ಲೇ ಹರಳುಗಟ್ಟುತ್ತದೆ. ಹರಳು ಬೆಳೆಯುವಾಗ ಹುಟ್ಟುವ ಒತ್ತಡಕ್ಕೆ ಪುಟ್ಟಿ ಪುಡಿಯಾಗಿ, ಅದರ ಮೇಲಿನ ಬಣ್ಣ ಏಳುತ್ತದೆ. ಡ್ಯಾಂಪ್ ತಡೆಯುವ ಪೇಂಟ್ ನೀರು ಬಂದು ಬೀಳುವ ಬದಿಯಲ್ಲಿ, ಅಂದರೆ ಹೊರಗೋಡೆಯ ಮೇಲೆ, ಚೆನ್ನಾಗಿ ಕೆಲಸ ಮಾಡುತ್ತದೆ. ಒಳಗಿನಿಂದ ಹೊಡೆದರೆ ನೀರು ಅದರ ಬೆನ್ನ ಹಿಂದೆ ನಿಂತು ತಳ್ಳುತ್ತದೆ. ಕೆಲವು ತಿಂಗಳು ಗೋಡೆ ಚೆನ್ನಾಗಿ ಕಾಣಬಹುದು. ಆಮೇಲೆ ತೇವ ಇನ್ನೊಂದು ಅಡಿ ಮೇಲಕ್ಕೆ ಹತ್ತಿ, ಪೇಂಟ್ ಮುಗಿದ ಕಡೆಯಿಂದ ಹೊರಬರುತ್ತದೆ. ಗೋಡೆಯ ಕೆಳಗಿನ ಮೂರು ಅಡಿಗೆ ಆಯಿಲ್ ಪೇಂಟ್ ಹೊಡೆಯುವ ಹಳೆಯ ರೂಢಿಯಲ್ಲಿಯೂ ಇದೇ ತೊಂದರೆ. ತೊಳೆಯಲು ಸುಲಭ ಎಂಬುದು ನಿಜ, ಆದರೆ ಒದ್ದೆ ಗೋಡೆಗೆ ಉಸಿರಾಡಲು ಜಾಗವೇ ಉಳಿಯುವುದಿಲ್ಲ.

ಹಾಗಾದರೆ ನೀರು ಎಲ್ಲಿಂದ ಬರುತ್ತಿದೆ? ಇದನ್ನು ಪತ್ತೆಹಚ್ಚಲು ಯಂತ್ರ ಬೇಕಾಗಿಲ್ಲ. ಬಣ್ಣ ಕೆರೆದ ಜಾಗದಲ್ಲಿ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಬಿಗಿಯಾಗಿ ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಹಿಂಬದಿಯಲ್ಲಿ, ಅಂದರೆ ಗೋಡೆಯ ಕಡೆ, ಹನಿಗಟ್ಟಿದರೆ ನೀರು ಗೋಡೆಯೊಳಗಿನದು. ಕೋಣೆಯ ಕಡೆ ಹನಿಗಟ್ಟಿದರೆ ಅದು ಗಾಳಿಯ ತೇವ. ಕಿಟಕಿ ತೆರೆದು ಗಾಳಿಯಾಡಲು ಬಿಟ್ಟರೆ ಬಹುಪಾಲು ಹೋಗುತ್ತದೆ.

ಕಲೆಯ ಆಕಾರವನ್ನೂ ಗಮನಿಸಿ. ಗೋಡೆಯ ಉದ್ದಕ್ಕೂ ನೆಲದಿಂದ ಸುಮಾರು ಮೂರು ಅಡಿಯವರೆಗೆ ಹಬ್ಬಿ, ಮೇಲ್ಗಡೆ ಒಂದು ಗೆರೆಯಲ್ಲಿ ನಿಂತಿದ್ದರೆ ಅದು ಪಾಯದಿಂದ ಏರಿದ ತೇವ. ಒಂದೇ ಕಡೆ ದುಂಡಗೆ ಹರಡಿದ್ದು, ಗೋಡೆಯ ಆಚೆ ಬಚ್ಚಲುಮನೆಯಿದ್ದರೆ ಪೈಪನ್ನು ಅನುಮಾನಿಸಿ. ರಾತ್ರಿ ಎಲ್ಲ ನಲ್ಲಿಗಳನ್ನು ಮುಚ್ಚಿ, ಟ್ಯಾಂಕಿನ ನೀರಿನ ಮಟ್ಟ ಗುರುತು ಮಾಡಿಟ್ಟು ಬೆಳಿಗ್ಗೆ ನೋಡಿದರೆ ಸೋರಿಕೆ ತಿಳಿಯುತ್ತದೆ. ಕಲೆ ಮೇಲಿನಿಂದ ಇಳಿದಿದ್ದರೆ ತಾರಸಿಯ ನೀರು ಹೋಗುವ ಕಿಂಡಿ, ಪ್ಯಾರಪೆಟ್ ಗೋಡೆಯ ಬಿರುಕು, ಸಜ್ಜಾ ಗೋಡೆಗೆ ಸೇರುವ ಮೂಲೆ, ಈ ಮೂರನ್ನು ಮೊದಲು ನೋಡಿ.

ನಿಮ್ಮದು ಪಾಯದ ತೇವವೇ ಇರಬೇಕು ಎಂಬ ಊಹೆಯಿಂದ ಮುಂದಿನದನ್ನು ಹೇಳುತ್ತೇನೆ. ಮೊದಲ ಕೆಲಸ ಮನೆಯ ಹೊರಗೆ. ಅಂಗಳದ ಮಟ್ಟ ಒಳಗಿನ ನೆಲಕ್ಕಿಂತ ಅರ್ಧ ಅಡಿಯಾದರೂ ಕೆಳಗಿದೆಯೇ ನೋಡಿ. ಇಂಟರ್‌ಲಾಕ್ ಹಾಕಿಸುವಾಗ ಮಣ್ಣು ತುಂಬಿಸಿ ಅಂಗಳವನ್ನು ಎತ್ತರಿಸಿದ ಮನೆಗಳಲ್ಲಿ ಈ ತೊಂದರೆ ಹೊಸದಾಗಿ ಶುರುವಾಗುತ್ತದೆ. ಬಣ್ಣ ಏಳುವುದಕ್ಕೂ ಅಂಗಳಕ್ಕೂ ಸಂಬಂಧವಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಗೋಡೆಗೆ ತಾಗಿದ ಹೂವಿನ ಪಾತಿಯನ್ನು ದೂರ ಮಾಡಿ. ಮಾಡಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದ್ದರೆ ದಂಬೆ ಕಟ್ಟಿಸಿ ದೂರಕ್ಕೆ ಹರಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಾಡಿನಲ್ಲಿ ಈ ಒಂದು ದಂಬೆ ಎಷ್ಟೋ ಡಬ್ಬಿ ಪೇಂಟಿಗಿಂತ ಹೆಚ್ಚಿನ ಉಪಕಾರ ಮಾಡುತ್ತದೆ. ಇಷ್ಟಾದರೂ ತೇವ ಏರುತ್ತಿದ್ದರೆ, ಗೋಡೆಯ ಬುಡದಲ್ಲಿ ಸಾಲಾಗಿ ರಂಧ್ರ ಕೊರೆದು ನೀರು ತಡೆಯುವ ರಾಸಾಯನಿಕ ತುಂಬುವ ವಿಧಾನವಿದೆ. ಖರ್ಚು ಹೆಚ್ಚು, ಅದನ್ನು ಮಾಡಿ ಪಳಗಿದವರಿಂದಲೇ ಮಾಡಿಸಬೇಕು.

ಎರಡನೆಯ ಕೆಲಸ ಒಣಗಿಸುವುದು. ಸಡಿಲವಾದ ಬಣ್ಣ, ಪುಟ್ಟಿಯನ್ನು ಕೆರೆದು ತೆಗೆಯಿರಿ. ಗಾರೆಯೂ ಪುಡಿಯಾಗುತ್ತಿದ್ದರೆ ಕಲೆಯ ಗೆರೆಗಿಂತ ಒಂದಡಿ ಮೇಲಿನವರೆಗೆ ಅದನ್ನೂ ಕೆತ್ತಿಸಬೇಕು. ಬಿಳಿ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ಗುಡಿಸಿ. ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ. ಆಮೇಲೆ ಗೋಡೆಯನ್ನು ಬರಿದಾಗಿ ಬಿಡಿ. ಹೊಸದಾಗಿ ಗಾರೆ ಮಾಡಿಸಿದರೆ 28 ದಿನವಾದರೂ ಕಾಯಲೇಬೇಕು. ಹೊಸ ಸಿಮೆಂಟಿನ ಕ್ಷಾರ ಪೇಂಟಿನ ಹಿಡಿತವನ್ನು ಕೆಡಿಸುತ್ತದೆ, ಆಯಿಲ್ ಪೇಂಟನ್ನಂತೂ ಮೆತ್ತಗಾಗಿಸಿಬಿಡುತ್ತದೆ.

ಇಲ್ಲಿ ಹಬ್ಬದ ಮಾತು ಬರುತ್ತದೆ. ಚೌತಿ, ನವರಾತ್ರಿ, ದೀಪಾವಳಿಗೆ ಮನೆ ಹೊಸದಾಗಿ ಕಾಣಬೇಕೆಂಬ ಆಸೆ ನನಗೂ ಅರ್ಥವಾಗುತ್ತದೆ. ಆದರೆ ಚೌತಿ ಬರುವುದು ಮಳೆಯ ನಡುವೆ, ದೀಪಾವಳಿ ಬರುವುದು ನಾಲ್ಕು ತಿಂಗಳು ನೀರು ಕುಡಿದ ಗೋಡೆ ಒಣಗಲು ಶುರುಮಾಡುವ ಹೊತ್ತಿಗೆ. ಆಗ ಹೊಡೆದ ಬಣ್ಣ ಆ ನೀರನ್ನು ಒಳಗೇ ಕೂಡಿಹಾಕುತ್ತದೆ. ನಿಮ್ಮ ಮನೆಯಲ್ಲಿ ಆಗಿರುವುದರಲ್ಲಿ ಇದರ ಪಾಲೂ ಇದೆ. ಕರಾವಳಿಯಲ್ಲಿ ಬಣ್ಣಕ್ಕೆ ಒಳ್ಳೆಯ ಕಾಲ ಜನವರಿಯಿಂದ ಏಪ್ರಿಲ್. ಹಬ್ಬಕ್ಕೆ ಬಾಗಿಲು, ಕಿಟಕಿ, ಗ್ರಿಲ್‌ಗಳಿಗೆ ಬಣ್ಣ ಬಳಿಸಿ, ಗೋಡೆಯನ್ನು ಯುಗಾದಿಗೆ ಇಟ್ಟುಕೊಳ್ಳಿ. ಪೇಂಟರುಗಳಿಗೂ ಆಗ ಹಬ್ಬದ ಗಡಿಬಿಡಿಯಿರುವುದಿಲ್ಲ, ಒಂದು ಕೋಟಿಗೂ ಇನ್ನೊಂದಕ್ಕೂ ನಡುವೆ ಒಣಗಲು ಬಿಡುವಷ್ಟು ಸಮಯವಿರುತ್ತದೆ.

ಪುಟ್ಟಿಯ ಬಗ್ಗೆ ನಾನು ಕಟ್ಟುನಿಟ್ಟು. ತೇವದ ಗೋಡೆಗೆ ಬಿಳಿ ಸಿಮೆಂಟಿನ ಪುಟ್ಟಿಯೇ ಆಗಬೇಕು. ಡಬ್ಬಿಯಲ್ಲಿ ಬರುವ ಅಕ್ರಿಲಿಕ್ ಪುಟ್ಟಿಯಾಗಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಆಗಲಿ ನೀರು ತಾಗಿದರೆ ಮೆತ್ತಗಾಗುತ್ತದೆ. ಎರಡು ಕೈ ಸೇರಿ ದಪ್ಪ 1.5 ಮಿಲಿಮೀಟರ್ ಮೀರಬಾರದು. ಗೋಡೆಯ ಅಂಕುಡೊಂಕನ್ನೆಲ್ಲ ಪುಟ್ಟಿಯಿಂದಲೇ ಸರಿಮಾಡಲು ಹೋದರೆ ದಪ್ಪ ಪದರ ತನ್ನ ಭಾರಕ್ಕೇ ಬಿಡುತ್ತದೆ. ಆ ಕೆಲಸ ಗಾರೆಯದು. ಕಲಸಿದ ಪುಟ್ಟಿಯನ್ನು ಎರಡು ಮೂರು ಗಂಟೆಯೊಳಗೆ ಮುಗಿಸಬೇಕು. ಗಟ್ಟಿಯಾಗತೊಡಗಿದ್ದಕ್ಕೆ ನೀರು ಬೆರೆಸಿ ಮತ್ತೆ ಹಚ್ಚುವುದನ್ನು ಕಂಡರೆ ಅಲ್ಲೇ ತಡೆಯಿರಿ. ಸಾಧ್ಯವಾದರೆ ಕೆಳಗಿನ ಮೂರು ಅಡಿಗೆ ಪುಟ್ಟಿಯೇ ಬೇಡ. ಗಾರೆಯ ಮೇಲೆ ಕ್ಷಾರ ತಡೆಯುವ ಪ್ರೈಮರ್, ಅದರ ಮೇಲೆ ಹೊಳಪಿಲ್ಲದ ಎಮಲ್ಷನ್ ಎರಡು ಕೋಟು ಸಾಕು. ಹೊಳಪು ಹೆಚ್ಚಿದಷ್ಟೂ ಆವಿ ಹೊರಹೋಗುವುದು ಕಡಿಮೆ.

ಕಲ್ಲಿನ ನಡುವೆ ಮಣ್ಣು ಅಥವಾ ಸುಣ್ಣದ ಗಾರೆಯಿರುವ ತೀರಾ ಹಳೆಯ ಮನೆಯಾದರೆ ಎಮಲ್ಷನ್ನನ್ನೂ ಬಿಟ್ಟು ಸುಣ್ಣ ಬಳಿಯುವುದೇ ನನ್ನ ಸಲಹೆ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಗಟ್ಟಿಯಾಗುತ್ತದೆ, ಆವಿಯನ್ನು ತಡೆಯುವುದಿಲ್ಲ, ಅದರ ಕ್ಷಾರಕ್ಕೆ ಬೂಷ್ಟು ಸುಲಭವಾಗಿ ಬೆಳೆಯುವುದಿಲ್ಲ. ಕರಾವಳಿಯ ಹಿರಿಯರು ಚಿಪ್ಪಿನ ಸುಣ್ಣದಿಂದಲೇ ಮನೆಗಳನ್ನು ಕಾಪಾಡಿಕೊಂಡು ಬಂದದ್ದು. ಬಟ್ಟೆಗೆ ಹತ್ತುತ್ತದೆ, ಒಂದೆರಡು ವರ್ಷಕ್ಕೊಮ್ಮೆ ಬಳಿಯಬೇಕು ಎಂಬುದು ನಿಜ. ಎಮಲ್ಷನ್ ಮೇಲೆ ಸುಣ್ಣ ನಿಲ್ಲುವುದಿಲ್ಲ, ಹಳೆಯ ಬಣ್ಣವನ್ನು ಪೂರ್ತಿ ಕೆರೆಯಬೇಕು. ಬಳಿಯುವಾಗ ಕಣ್ಣಿಗೆ ಕನ್ನಡಕವಿರಲಿ.

ಹೊರಗೋಡೆಯಲ್ಲಿ ಪಾಚಿಯಿದ್ದರೆ ಬಣ್ಣಕ್ಕೆ ಮುಂಚೆ ಬ್ಲೀಚಿಂಗ್ ಪುಡಿಯ ನೀರು ಹಚ್ಚಿ, ಉಜ್ಜಿ, ತೊಳೆದು, ಒಣಗಲು ಬಿಡಿ. ಆ ನೀರಿಗೆ ಶೌಚಾಲಯ ತೊಳೆಯುವ ಆಸಿಡ್ ಎಂದಿಗೂ ಬೆರೆಸಬೇಡಿ, ಹೊರಬರುವ ಕ್ಲೋರಿನ್ ಅನಿಲ ಜೀವಕ್ಕೇ ಅಪಾಯ.

ಕೆರೆಯುವ ಕೆಲಸದ ಬಗ್ಗೆ ಇನ್ನೊಂದು ಮಾತು. ಮನೆಬಳಕೆಯ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರದ ನಿಯಮ ಬಂದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಆಯಿಲ್ ಪೇಂಟ್ ನಿಮ್ಮ ಗೋಡೆಯ ಬುಡದಲ್ಲೋ ಕಿಟಕಿ ಬಾಗಿಲುಗಳಲ್ಲೋ ಇದ್ದರೆ ಅದರಲ್ಲಿ ಸೀಸ ಇರಬಹುದು, ಅದರ ಧೂಳು ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಒಣದಾಗಿ ಉಜ್ಜಿಸದೆ, ಆ ಪೇಂಟಿಗೆ ನೀರು ಚಿಮುಕಿಸಿ ಕೆರೆಸಿ. ಕೆರೆಯುವವರಿಗೆ ಒಳ್ಳೆಯ ಮಾಸ್ಕ್ ಕೊಡಿ. ಮಕ್ಕಳು ಮತ್ತು ಗರ್ಭಿಣಿಯರು ಕೆಲಸ ಮುಗಿದು, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸುವವರೆಗೆ ಆ ಕೋಣೆಗೆ ಬರುವುದು ಬೇಡ.