ಮೂಗಿನಿಂದ ಗಂಧ ಕೊಳ್ಳುವವರಿಗೆ

ಜೋಗ ನೋಡಿಕೊಂಡು ಸಾಗರ ಪೇಟೆಯಲ್ಲಿ ಇಳಿಯುವ ಗಿರಾಕಿಗಳು ಗಂಧದ ಕೆತ್ತನೆಯ ಅಂಗಡಿಗೆ ಕಾಲಿಟ್ಟೊಡನೆ ಮಾಡುವ ಮೊದಲ ಕೆಲಸವೆಂದರೆ ಗಣಪತಿಯನ್ನು ಎತ್ತಿ ಮೂಗಿಗೆ ಹಿಡಿಯುವುದು. ಸೊಂಡಿಲು ಎಡಕ್ಕಿದೆಯೋ ಬಲಕ್ಕಿದೆಯೋ ಎಂದೂ ನೋಡುವುದಿಲ್ಲ. ಘಮ್ಮೆಂದರೆ ಚೀಲಕ್ಕೆ, ಇಲ್ಲವಾದರೆ ಕಪಾಟಿಗೆ. ನಮ್ಮ ಕೆತ್ತನೆಯನ್ನು ಕಣ್ಣಿಟ್ಟು ನೋಡುವವರು ನೆಗಡಿಯಾದವರು ಮಾತ್ರ ಎಂದು ನಾವು ಉಳಿ ಹಿಡಿಯುವವರು ನಮ್ಮಲ್ಲೇ ಹೇಳಿಕೊಂಡು ನಗುವುದುಂಟು.

ಗಂಧದ ಮರದಲ್ಲಿ ಪರಿಮಳವಿರುವುದು ಚೇಗಿನಲ್ಲಿ, ಅಂದರೆ ಕಾಂಡದ ಒಳಗಿನ ಗಟ್ಟಿ ತಿರುಳಿನಲ್ಲಿ, ಮತ್ತು ಬೇರಿನಲ್ಲಿ. ಚೇಗಿನ ಸುತ್ತ ಇರುವ ಬಿಳಿಯ ಹೊರಮರಕ್ಕೆ ವಾಸನೆಯೇ ಇಲ್ಲ. ಗಿಡಕ್ಕೆ ಹತ್ತಾರು ವರ್ಷ ತುಂಬುವವರೆಗೆ ಹೇಳಿಕೊಳ್ಳುವಂಥ ಚೇಗು ಕಟ್ಟುವುದೂ ಇಲ್ಲ. ಚೇಗನ್ನು ಕೆತ್ತಿದ ಹೊಸದರಲ್ಲಿ ಮೂರ್ತಿ ಪರಿಮಳ ಬೀರುತ್ತದೆ. ಮೇಲ್ಮೈಯ ಎಣ್ಣೆ ಗಾಳಿಗೆ ಮೆಲ್ಲನೆ ಆರಿದಂತೆ ವಾಸನೆ ತಗ್ಗುತ್ತದೆ. ಒಳಗೆ ಮಾತ್ರ ಅದು ಹಾಗೆಯೇ ಇರುತ್ತದೆ. ಆದ್ದರಿಂದ ಅಜ್ಜನ ಕಾಲದ ಅಪ್ಪಟ ಗಂಧದ ಕೃಷ್ಣ ಮೂಗಿಗೆ ಹೆಚ್ಚೇನೂ ಹೇಳದಿರಬಹುದು. ಅದೇ ಯಾವುದೋ ಬಿಳಿ ಮರದ ಬೊಂಬೆಗೆ ನಿನ್ನೆ ಸಂಜೆ ನಾಲ್ಕು ಹನಿ ಸುಗಂಧದೆಣ್ಣೆ ಸವರಿದ್ದರೆ ಅಂಗಡಿಯೆಲ್ಲ ಘಮಘಮಿಸುತ್ತದೆ. ಆ ಎಣ್ಣೆ ಗಂಧದ್ದೇ ಆಗಿರಬೇಕೆಂದೇನೂ ಇಲ್ಲ. ಇನ್ನೊಮ್ಮೆ ಹೇಳುತ್ತೇನೆ, ಏಕೆಂದರೆ ಇಷ್ಟು ಹೇಳಿದ ಮೇಲೂ ಗಿರಾಕಿಗಳು ಮತ್ತೆ ಮೂಸುತ್ತಾರೆ: ಪರಿಮಳ ಜೋರಾಗಿದೆ ಎಂದ ಮಾತ್ರಕ್ಕೆ ಅದು ಗಂಧವಲ್ಲ, ಪರಿಮಳ ಕಡಿಮೆ ಇದೆ ಎಂದ ಮಾತ್ರಕ್ಕೆ ಮೋಸವೂ ಅಲ್ಲ.

"ಹಾಗಾದರೆ ಉಗುರಿನಿಂದ ಕೆರೆದು ನೋಡಲೇ?" ಎಂದು ಕೇಳುತ್ತಾರೆ. ದಯವಿಟ್ಟು ಬೇಡ. ಪೀಠದ ಅಡಿಯಲ್ಲಿ, ಕಣ್ಣಿಗೆ ಬೀಳದ ಕಡೆ, ಅಂಗಡಿಯವರೇ ಒಂದಿಷ್ಟು ಉಜ್ಜಿ ತೋರಿಸಲಿ. ಸವರಿದ ಎಣ್ಣೆಯಾಗಿದ್ದರೆ ಆಳಕ್ಕೆ ಹೋದಂತೆ ವಾಸನೆ ಕಡಿಮೆಯಾಗಬೇಕು. ಮರವನ್ನು ಎಣ್ಣೆಯಲ್ಲೇ ನೆನೆಸಿಟ್ಟಿದ್ದರೆ ಈ ಪರೀಕ್ಷೆಯೂ ಕೈಕೊಡುತ್ತದೆ. ಖಚಿತವಾಗಿ ಹೇಳಬೇಕಾದರೆ ಪ್ರಯೋಗಾಲಯವೇ ಬೇಕು, ನನ್ನ ಮೂಗಿನ ಮೇಲೂ ನಾನು ಆಣೆ ಹಾಕುವುದಿಲ್ಲ.

ಈ ಮೂಗಿನ ಚಾಳಿಗೆ ನಮ್ಮ ಸೀಮೆಯೂ ಸ್ವಲ್ಪ ಕಾರಣ. ಶಿವಮೊಗ್ಗದಲ್ಲಿ 1944ರಲ್ಲೇ ಗಂಧದೆಣ್ಣೆಯ ಕಾರ್ಖಾನೆ ಬಂದಿತ್ತು. ಗಂಧದ ಕೋಠಿ, ಅಂದರೆ ಸರ್ಕಾರದ ಗಂಧದ ಉಗ್ರಾಣ, ಇಲ್ಲಿ ಮಕ್ಕಳಿಗೂ ಗೊತ್ತಿತ್ತು. ಸ್ವಂತ ಜಮೀನಿನಲ್ಲಿ ಬೆಳೆದ ಗಂಧದ ಮರ ಕೂಡ ಬಹುಕಾಲ ಸರ್ಕಾರದ್ದೇ ಆಗಿತ್ತು. ಅರಣ್ಯ ಕಾಯ್ದೆಯ 2001ರ ತಿದ್ದುಪಡಿಯ ನಂತರವೇ ಬೆಳೆದವರಿಗೆ ಅದರ ಹಕ್ಕು ಬಂತು. ಹಾಗೆಂದು ದಾರಿಬದಿಯಲ್ಲಿ ಗುಟ್ಟಾಗಿ ಮಾರುವ ತುಂಡುಗಳನ್ನು ಕೊಳ್ಳಲು ಹೋಗಬೇಡಿ. ಕಾಗದಪತ್ರವಿಲ್ಲದ ಗಂಧ ಕೈಯಲ್ಲಿದ್ದರೆ ಮಾರಿದವನ ಜೊತೆಗೆ ನೀವೂ ಸಿಕ್ಕಿಬೀಳುತ್ತೀರಿ. ಕೆತ್ತಿದ ವಸ್ತುವಿಗೂ ಬಿಲ್ ಕೇಳಿ, ಬಿಲ್ಲಿನಲ್ಲಿ ಮರದ ಹೆಸರು ಬರೆಸಿಕೊಳ್ಳಿ. ಉಳಿದ ಕಾನೂನನ್ನು ಅರಣ್ಯ ಇಲಾಖೆಯವರನ್ನೇ ಕೇಳುವುದು ಒಳ್ಳೆಯದು, ಅದು ನನ್ನ ಕಸುಬಲ್ಲ.

ನನಗೆ ಸಿಟ್ಟು ಬರುವುದು ಶಿವನೆ ಎಂಬ ಮರದ ವಿಚಾರದಲ್ಲಿ. ಕೆತ್ತನೆಯೇ ಕುಲಕಸುಬಾದ ಸಾಗರ, ಸೊರಬದ ಗುಡಿಗಾರರು ಗಂಧದಷ್ಟೇ ಸಲೀಸಾಗಿ ಶಿವನೆಯಲ್ಲೂ ಕೆತ್ತುತ್ತಾರೆ. ಹಗುರ ಮರ, ಉಳಿಗೆ ಒಗ್ಗುತ್ತದೆ, ಬೆಲೆಯೂ ಕೈಗೆಟಕುತ್ತದೆ. ಆದರೆ ವಾಸನೆ ಇಲ್ಲ! ವಾರಗಟ್ಟಲೆ ಕುಳಿತು ಬಿಡಿಸಿದ ದಶಾವತಾರದ ಫಲಕವನ್ನು ಮೂಸಿ, ಮುಖ ಸಿಂಡರಿಸಿ, ಅದರ ಪಕ್ಕದ ಎಣ್ಣೆ ಬಳಿದ ಆನೆಯನ್ನು ಕೊಂಡುಹೋಗುತ್ತಾರೆ. ಹೀಗಾದರೆ ಕುಶಲಕರ್ಮಿ ಕೆತ್ತನೆ ಕಲಿಯಬೇಕೋ ಎಣ್ಣೆ ಬಳಿಯುವುದನ್ನೋ? ಇದೇ ಮನೆಗಳಲ್ಲಿ ಮದುವೆಗೆ ಬೆಂಡಿನ ಬಾಸಿಂಗವನ್ನೂ ಮಾಡುತ್ತಾರೆ. ಬೆಂಡಿಗೆ ತೂಕವೂ ಇಲ್ಲ, ವಾಸನೆಯೂ ಇಲ್ಲ. ಅದನ್ನು ಮಾತ್ರ ಯಾರೂ ಮೂಸುವುದಿಲ್ಲ, ವರನ ಹಣೆಗೆ ಕಟ್ಟಿ ಕಣ್ತುಂಬ ನೋಡುತ್ತಾರೆ.

ಹಾಗೆ ಕಣ್ಣಿಟ್ಟು ನೋಡುವುದಾದರೆ ಮೂರ್ತಿಯನ್ನು ಮೊದಲು ಹಿಂದಕ್ಕೆ ತಿರುಗಿಸಿ. ಅವಸರದ ಕೆಲಸ ಬೆನ್ನಿನಲ್ಲಿ ಬಯಲಾಗುತ್ತದೆ: ಮುಂದೆ ಕಿರೀಟ, ಹಿಂದೆ ಬರೀ ಹಲಗೆ. ಆಮೇಲೆ ಕೃಷ್ಣನ ಕೊಳಲಿಗೂ ತುಟಿಗೂ ನಡುವೆ ಬೆಳಕು ಹಾಯುತ್ತದೆಯೇ ನೋಡಿ. ಕೊರಳ ಹಾರ ಎದೆಯ ಮೇಲೆ ಗೀರಿದಂತಿದೆಯೋ, ಅಡಿಯಿಂದ ಬಿಡಿಸಿ ಎತ್ತಿದಂತಿದೆಯೋ? ಮೇಲಿನಿಂದ ಇಳಿಯುವ ಯಂತ್ರದ ಮೊನೆ ಹಾರದ ಅಡಿಗೆ ನುಗ್ಗಲಾರದು, ಸಣ್ಣ ಉಳಿ ನುಗ್ಗುತ್ತದೆ. ಯಂತ್ರದ ಕೆಲಸದಲ್ಲಿ ಮಣಿಗಳೆಲ್ಲ ಒಂದೇ ಅಚ್ಚು, ಗುಳಿಗಳ ತಳವೆಲ್ಲ ಒಂದೇ ದುಂಡು. ಯಂತ್ರದಲ್ಲಿ ತೆಗೆದು ಕೈಯಿಂದ ತಿದ್ದುವವರೂ ಇದ್ದಾರೆ, ಅಂಥದ್ದನ್ನು ಒಂದೇ ನೋಟಕ್ಕೆ ಹೇಳಲು ನನಗೂ ಕಷ್ಟ.

ಶಿವಮೊಗ್ಗದ ನಿವೃತ್ತ ಮೇಷ್ಟ್ರೊಬ್ಬರು, ತುಂಬ ಒಳ್ಳೆಯವರು, ಒಂದು ಮಳೆಗಾಲ ಕಳೆದ ಮೇಲೆ ಕೃಷ್ಣನನ್ನು ಟವೆಲಿನಲ್ಲಿ ಸುತ್ತಿ ತಂದರು. "ವಾಸನೆ ಹೋಗಿಬಿಟ್ಟಿತು, ಅದಕ್ಕೆ ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಹಚ್ಚಿದೆ" ಎಂದರು. ಬೆರಳುಗಳ ಸಂದಿಯಲ್ಲೆಲ್ಲ ಧೂಳು ಅಂಟಿ ಕಪ್ಪಗೆ ಗಟ್ಟಿಯಾಗಿತ್ತು. "ಮೇಷ್ಟ್ರೇ, ಇದು ವಿಗ್ರಹ, ಊದುಬತ್ತಿಯಲ್ಲ" ಎಂದೆ. ನಕ್ಕರು. ಮೆತ್ತನೆಯ ಕುಂಚ ಹಿಡಿದು ಕೊಳೆ ತೆಗೆಯುವಷ್ಟರಲ್ಲಿ ಸಂಜೆಯಾಯಿತು.

ಮನೆಯಲ್ಲಿ ಒಣ ಕುಂಚ ಸಾಕು. ಎಣ್ಣೆ, ನೀರು, ಪಾಲಿಶ್ ಯಾವುದೂ ಬೇಡ. ಮಲೆನಾಡಿನ ಜೂನ್, ಜುಲೈಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮುಚ್ಚಿಡದೆ ಗಾಳಿಯಾಡುವ ಕಡೆ ಇಡಿ. ಹೇಳಿ ಮಾಡಿಸುವುದಾದರೆ ಗೃಹಪ್ರವೇಶಕ್ಕೆ ಹದಿನೈದು ದಿನವಿರುವಾಗ ಓಡಿ ಬರಬೇಡಿ. ಮುಂಗಡ ಕೊಡುವ ಮೊದಲು ಯಾವ ಮರ, ಎಷ್ಟು ಎತ್ತರ, ಬೆನ್ನಿನ ಕೆತ್ತನೆಯೂ ಸೇರಿದೆಯೇ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.