ನಾಯಿಗೆ ಆಪತ್ತು ಆಕಾಶದಲ್ಲಲ್ಲ, ನೆಲದ ಮೇಲೆ

ಕಲಬುರಗಿಯಿಂದ ಕಾರಿನಲ್ಲಿ ಹೈದರಾಬಾದಿಗೆ ಹೋಗಿ, ಶಂಷಾಬಾದಿನಿಂದ ಅಮೆರಿಕಕ್ಕೆ ಹಾರುವ ಕುಟುಂಬಗಳು ನಮ್ಮಲ್ಲಿ ಈಗ ಕಡಿಮೆಯೇನಿಲ್ಲ. ಅಲ್ಲಿ ನೆಲೆಸಿದ ಮಕ್ಕಳ ಬಳಿಗೆ ಹೊರಟ ಹಿರಿಯರು ಮನೆಯ ನಾಯಿಯನ್ನು ಬಿಟ್ಟು ಹೋಗಲು ಮನಸ್ಸು ಬಾರದೆ, ಅದರ ಸಾಂಗತ್ಯ ಮನಸ್ಸಿನ ನೆಮ್ಮದಿಗೆ ಬೇಕೆಂಬ ವೈದ್ಯರ ಚೀಟಿಯೊಂದಿದ್ದರೆ ನಾಯಿಯನ್ನು ವಿಮಾನದಲ್ಲಿ ಪಕ್ಕದಲ್ಲೇ ಕೂರಿಸಿಕೊಳ್ಳಬಹುದೆಂದು ನಂಬುವುದುಂಟು. ಆ ಕಾಲ ಮುಗಿದಿದೆ. ಅಮೆರಿಕದ ಸಾರಿಗೆ ಇಲಾಖೆ 2021ರ ಜನವರಿಯಿಂದ ಜಾರಿಗೆ ತಂದ ನಿಯಮದಂತೆ, ಅಂಗವಿಕಲ ವ್ಯಕ್ತಿಗಾಗಿ ನಿರ್ದಿಷ್ಟ ಕೆಲಸದಲ್ಲಿ ಪಳಗಿದ ನಾಯಿ ಮಾತ್ರ ಸೇವಾ ಪ್ರಾಣಿ, ಅಂದರೆ ಒಡೆಯನೊಂದಿಗೆ ಪ್ರಯಾಣಿಕರ ಭಾಗದಲ್ಲೇ ಇರಲು ಹಕ್ಕುಳ್ಳದ್ದು. ಅಂಧರಿಗೆ ದಾರಿ ತೋರುವ ನಾಯಿಯಂತೆ, ಮಾನಸಿಕ ಕಾಯಿಲೆಯುಳ್ಳವರ ನೆರವಿಗೆ ತರಬೇತಿ ಪಡೆದ ನಾಯಿಯೂ ಇದರಲ್ಲಿ ಸೇರುತ್ತದೆ. ಬರಿಯ ಸಾಂಗತ್ಯದಿಂದ ನೆಮ್ಮದಿ ಕೊಡುವ ಪ್ರಾಣಿಯನ್ನು ವಿಮಾನ ಸಂಸ್ಥೆಗಳು ಸಾಕುಪ್ರಾಣಿಯೆಂದೇ ಪರಿಗಣಿಸಬಹುದು.

ಹಾಗೆಂದು ಆ ನೆಮ್ಮದಿ ಸುಳ್ಳಲ್ಲ. ನಾಯಿಯೂ ಅದರ ಒಡೆಯನೂ ಪರಸ್ಪರ ದಿಟ್ಟಿಸಿ ನೋಡಿದಾಗ ಇಬ್ಬರಲ್ಲೂ ಬಾಂಧವ್ಯ ಬೆಸೆಯುವ ಆಕ್ಸಿಟೋಸಿನ್ ಹಾರ್ಮೋನು ಹೆಚ್ಚುವುದನ್ನು ಜಪಾನಿನ ವಿಜ್ಞಾನಿಗಳು 2015ರಲ್ಲಿ ವರದಿ ಮಾಡಿದ್ದಾರೆ. ಆದರೆ ನಿಯಮ ಕೇಳುವುದು ತರಬೇತಿಯನ್ನು. ಜನಸಂದಣಿ, ಇಂಜಿನ್ನಿನ ಅಬ್ಬರ, ಗಂಟೆಗಟ್ಟಲೆ ಇಕ್ಕಟ್ಟು ಇವೆಲ್ಲವನ್ನೂ ಸಹಿಸಿ ಒಡೆಯನ ಕಾಲಬುಡದಲ್ಲಿ ಮಲಗುವುದು ಕಲಿತ ನಾಯಿಗೆ ಮಾತ್ರ ಸಾಧ್ಯವಾದುದರಿಂದ, ಈ ಬಿಗಿ ನನಗೆ ನ್ಯಾಯವೆಂದೇ ತೋರುತ್ತದೆ.

ದೊಡ್ಡ ಸಾಕುನಾಯಿ ಸಾಮಾನ್ಯವಾಗಿ ಪಂಜರದಲ್ಲಿ, ಸರಕಿನ ಕೋಣೆಯಲ್ಲಿ ಪ್ರಯಾಣಿಸುತ್ತದೆ. ಅಲ್ಲಿ ಉಸಿರು ಕಟ್ಟೀತೆಂಬ ಭಯ ಬೇಡ. ಪ್ರಯಾಣಿಕರಿರುವ ಭಾಗದಂತೆ ಅಲ್ಲಿಯೂ ಗಾಳಿಯ ಒತ್ತಡವನ್ನು ಕಾಯ್ದುಕೊಳ್ಳಲಾಗುತ್ತದೆ. ಅಪಾಯವಿರುವುದು ವಿಮಾನ ಏರುವ ಮೊದಲು. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ಬಿಸಿಲು 42 ಡಿಗ್ರಿ ಮುಟ್ಟುವುದು ಅಪರೂಪವಲ್ಲ, ನಾಯಿಯ ಸಹಜ ದೇಹೋಷ್ಣವಾದರೋ 38ರಿಂದ 39 ಡಿಗ್ರಿ. ಸುತ್ತಲಿನ ಗಾಳಿಯೇ ಮೈಗಿಂತ ಬಿಸಿಯಾದಾಗ ತಣಿಯಲು ಉಳಿಯುವ ದಾರಿ ತೇವ ಆರುವುದೊಂದೇ. ನಾಯಿಗೆ ನಮ್ಮಂತೆ ಮೈತುಂಬ ಬೆವರುವ ಶಕ್ತಿಯಿಲ್ಲ. ಅದು ನಾಲಗೆ ಚಾಚಿ ಏದುತ್ತ, ಬಾಯಿ ಮತ್ತು ಉಸಿರುದಾರಿಯ ತೇವವನ್ನು ಆವಿಯಾಗಿಸಿಯೇ ಶಾಖ ಕಳೆಯಬೇಕು. ನಮ್ಮ ಒಣಹವೆ ಇದಕ್ಕೆ ಅನುಕೂಲವೇ. ಗಾಳಿಯಾಡದ ಪಂಜರದಲ್ಲಿ ಮಾತ್ರ ಅದರ ಉಸಿರಿನ ತೇವ ಅಲ್ಲಿಯೇ ನಿಂತು, ಎಷ್ಟು ಏದಿದರೂ ಮೈ ತಣಿಯದಂತಾಗುತ್ತದೆ. ದೇಹೋಷ್ಣ 41 ಡಿಗ್ರಿ ದಾಟಿತೆಂದರೆ ಜೀವಕ್ಕೇ ಕುತ್ತು. ಪಗ್, ಬುಲ್‌ಡಾಗ್‌ಗಳಂತಹ ಚಪ್ಪಟೆ ಮೂತಿಯ ನಾಯಿಗಳಿಗೆ ಉಸಿರುದಾರಿಯೇ ಕಿರಿದಾದ್ದರಿಂದ ಕಷ್ಟ ಇನ್ನೂ ಬೇಗ ಬರುತ್ತದೆ. ಅನೇಕ ವಿಮಾನ ಸಂಸ್ಥೆಗಳು ಅವನ್ನು ಸರಕಿನ ಕೋಣೆಗೆ ಸೇರಿಸುವುದಿಲ್ಲ.

ಗಾಬರಿಯಾದೀತೆಂದು ಮಂಪರಿನ ಮಾತ್ರೆ ನುಂಗಿಸುವುದು ಸಲ್ಲದು. ಅದರಿಂದ ರಕ್ತದೊತ್ತಡ ಇಳಿಯಬಹುದು, ಮೈ ತಣಿಸಿಕೊಳ್ಳುವ ಶಕ್ತಿಯೂ ಕುಗ್ಗಬಹುದು. ಅದರ ಬದಲು ಹಲವು ವಾರ ಮೊದಲೇ ಪಂಜರವನ್ನು ಮನೆಯಲ್ಲಿಟ್ಟು, ನಾಯಿ ತಾನಾಗಿಯೇ ಅದರಲ್ಲಿ ಮಲಗುವಂತೆ ರೂಢಿ ಮಾಡಿಸಬೇಕು. ರಾತ್ರಿಯ ವಿಮಾನವನ್ನೇ ಆರಿಸಿ, ಹೈದರಾಬಾದಿನ ದಾರಿಯನ್ನು ಹೊತ್ತು ಇಳಿದ ಮೇಲೆ ಹಿಡಿಯಬೇಕು. ಪಂಜರದ ಬಟ್ಟಲಿನಲ್ಲಿ ನೀರನ್ನು ಹೆಪ್ಪುಗಟ್ಟಿಸಿ ಇಟ್ಟರೆ, ಎತ್ತಿ ಇಳಿಸುವಾಗ ಚೆಲ್ಲದೆ, ನಿಧಾನವಾಗಿ ಕರಗುತ್ತ ಕುಡಿಯಲು ಸಿಗುತ್ತದೆ.